1,800 ಅಡಿ ಗೆರೆಯ ಕೆಳಗಿನ ಊರು

ಶರಾವತಿ ಹಿನ್ನೀರಿನಲ್ಲಿ ಮುಳುಗಿರುವ ಹಿರೇಭಾಸ್ಕರ ಅಣೆಕಟ್ಟೆ ನೋಡಬೇಕು ಅಂತಲೇ ಹೊರಟಿದ್ದು. ನೋಡಿದ್ದೂ ಆಯಿತು, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ಊರಿಗೆ ಬಂದ ಮೇಲೂ ಮನಸ್ಸಿನಿಂದ ಹೋಗದೇ ಇರುವುದು ಬೇರೆಯೇ. ಅಣೆಕಟ್ಟೆಯಿಂದ ಸ್ವಲ್ಪ ಮೇಲಕ್ಕೆ, ಬಿರುಕು ಬಿಟ್ಟ ಹಿನ್ನೀರಿನ ನೆಲದಲ್ಲಿ ದನ ಮೇಯಿಸುತ್ತಿದ್ದ ಅಜ್ಜರೊಬ್ಬರು ನನ್ನ ಕೈಯಲ್ಲಿದ್ದ ಹಳೇ ನಕ್ಷೆಯ ಮೇಲೆ ಬೆರಳಿಟ್ಟು ತಮ್ಮ ಮನೆ ಹುಡುಕಿದರು.

ಮೊದಲು ನಕ್ಷೆಯ ವಿಷಯ. ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ನನಗೆ ಪರಿಚಯ. ಅವರ ಟ್ರಂಕಿನಲ್ಲಿ ಸರ್ವೆ ಆಫ್ ಇಂಡಿಯಾದ ಹಳೇ ಟೊಪೊ ಶೀಟುಗಳ, ಅಂದರೆ ಎತ್ತರ ತಗ್ಗು, ಊರು, ದಾರಿ ಎಲ್ಲ ತೋರಿಸುವ ನಕ್ಷೆಗಳ, ದೊಡ್ಡ ಸುರುಳಿಯೇ ಇದೆ. ಮೈಲಿಗೆ ಒಂದು ಇಂಚು ಅಳತೆಯವು. ಅದರಲ್ಲಿ ಸಿಕ್ಕ 48 ಜೆ/16 ನಂಬರಿನ ಹಾಳೆ ಶರಾವತಿ ಕಣಿವೆಯದ್ದು, ಲಿಂಗನಮಕ್ಕಿ ಅಣೆಕಟ್ಟೆ ಕಟ್ಟುವುದಕ್ಕೂ ಮೊದಲಿನದು. ಇವತ್ತಿನ ಫೋನಿನ ನಕ್ಷೆಯಲ್ಲಿ ಆ ಜಾಗದಲ್ಲಿ ಬರೀ ನೀಲಿ ಬಣ್ಣ. ಈ ಹಾಳೆಯಲ್ಲಿ ಹಾಗಲ್ಲ. ಹಳ್ಳಗಳಿವೆ, ಗದ್ದೆಯ ಹಳದಿ ಇದೆ, ಕೆಂಪು ಚುಕ್ಕೆಗಳ ಮನೆಗಳಿವೆ, ಕಾಲುದಾರಿಗಳಿವೆ, ಗುಡಿಗಳಿವೆ. ಪ್ರತಿ ಊರಿಗೂ ಹೆಸರಿದೆ.

ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಹಾಳೆಯಲ್ಲಿ ಅದಕ್ಕೆ ಹತ್ತಿರದ ಎತ್ತರದ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, 1,800 ಅಡಿಯದ್ದು. ಒಂದು ರಾತ್ರಿ ಊಟ ಮುಗಿಸಿ ಕೂತು, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಆ ಗೆರೆಯ ಗುಂಟ ನೀಲಿ ಪೆನ್ಸಿಲ್ ಎಳೆಯುತ್ತಾ ಹೋದೆ. ಪ್ರತಿ ಹಳ್ಳದ ಒಳಗೂ ಗೆರೆ ನುಗ್ಗಿ ವಾಪಸ್ ಬರುತ್ತದೆ. ಬರುವಾಗ ಒಂದೋ ಎರಡೋ ಊರನ್ನು ಒಳಗೆ ಹಾಕಿಕೊಂಡೇ ಬರುತ್ತದೆ. ಅರ್ಧಕ್ಕೆ ಬರುವಷ್ಟರಲ್ಲಿ ಊರುಗಳ ಹೆಸರು ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದ್ದೆ. ಮುಳುಗಡೆ ಅನ್ನೋ ಮಾತನ್ನು ಸಾಗರ, ಹೊಸನಗರದ ಕಡೆ ಚಿಕ್ಕಂದಿನಿಂದ ಕೇಳಿದ್ದೇನೆ. ಅದು ಎಷ್ಟು ದೊಡ್ಡದು ಅಂತ ಕೈಗೆ ಗೊತ್ತಾಗಿದ್ದು ಅವತ್ತು.

ಈ ಕಣಿವೆ ಮುಳುಗಿದ್ದು ಎರಡು ಸಲ. ಜೋಗದ ಕರೆಂಟಿಗಾಗಿ ಮೈಸೂರು ಸಂಸ್ಥಾನ ಹಿರೇಭಾಸ್ಕರದಲ್ಲಿ ಅಣೆಕಟ್ಟೆ ಕಟ್ಟಿತು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. ಇನ್ನೂ ಜಾಸ್ತಿ ನೀರು ಬೇಕಾಯಿತು, ಹೊಳೆಯ ಕೆಳಭಾಗದಲ್ಲಿ ಲಿಂಗನಮಕ್ಕಿ ಎದ್ದಿತು. 1964ರಲ್ಲಿ ಹಿರೇಭಾಸ್ಕರ ಅಣೆಕಟ್ಟೆಯೇ ನೀರಿನಡಿ ಹೋಯಿತು. ಹದಿನಾರು ವರ್ಷ ಕೆಲಸ ಮಾಡಿದ ಅಣೆಕಟ್ಟೆ! ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ ಮಾತ್ರ ಅದು ಪೂರ್ತಿ ಕಾಣಿಸುತ್ತದೆ.

ನಾನು ಹೋಗಿದ್ದು 2023ರ ಜೂನ್ ಶುರುವಿನಲ್ಲಿ. ಮಳೆ ತಡ ಮಾಡಿತ್ತು. ಸಾಗರದಲ್ಲಿ ಪರಿಚಯದವರ ಮನೆಯಲ್ಲಿ ಉಳಿದೆ. ಅಲ್ಲಿ ಕುಡಿದ ಅಪ್ಪೆಹುಳಿಗೆ ಸಮನಾದದ್ದು ಯಾವ ಹೋಟೆಲಿನಲ್ಲೂ ಸಿಗಲಿಕ್ಕಿಲ್ಲ, ಇಂಗಿನ ಒಗ್ಗರಣೆಯ ಆ ಘಮವೇ ಬೇರೆ. ಮರುದಿನ ಜೋಗಕ್ಕೂ ಹೋಗಿ ಬಂದೆ. ಬೋಳು ಬಂಡೆ. ಬೇಸಿಗೆಯಲ್ಲಿ ಜೋಗ ನೋಡಲು ದೂರದಿಂದ ಯಾರೂ ಬರಬೇಡಿ. ಸಿಗಂದೂರಿನ ದಾರಿಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಕಂಬಗಳು ಆಗ ನೀರಿನಿಂದ ಮೇಲಕ್ಕೆ ಏಳುತ್ತಿದ್ದವು. 2025ರ ಜುಲೈಯಲ್ಲಿ ಆ ಸೇತುವೆ ಶುರುವಾಯಿತು. ಅದಕ್ಕೂ ಮೊದಲು ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಪ್ರಯಾಣ ಚೆಂದ ಅಂತ ನಮ್ಮಂಥ ಪ್ರವಾಸಿಗಳು ಹೇಳಬಹುದು. ಆಚೆ ದಡದ ತುಮರಿ ಕಡೆಯಿಂದ ಹೆರಿಗೆಗೆ ಅಂತ ರಾತ್ರಿ ಹೊರಟವರು ಹಾಗೆ ಹೇಳುವುದಿಲ್ಲ.

ಅಣೆಕಟ್ಟೆಗೆ ಸ್ಥಳೀಯ ಹುಡುಗನೊಬ್ಬನನ್ನು ಕರೆದುಕೊಂಡು ಹೋದೆ. ನೀವೂ ಹಾಗೇ ಮಾಡಿ. ಮೇಲೆ ಒಣಗಿದ ಹಾಗೆ ಕಂಡ ಮಣ್ಣು ಕೆಳಗೆ ಹಸಿ ಕೆಸರಾಗಿರುತ್ತದೆ, ಎಲ್ಲಿ ಕಾಲಿಡಬೇಕು ಅಂತ ಅಲ್ಲಿನವರಿಗೇ ಗೊತ್ತು. ದಾರಿ ಉದ್ದಕ್ಕೂ ಕಡಿದ ಮರದ ಬೊಡ್ಡೆಗಳು. ಅರವತ್ತು ವರ್ಷ ನೀರಲ್ಲಿ ಮುಳುಗಿ ಎದ್ದರೂ ಬೇರು ಸಡಿಲಾಗಿಲ್ಲ.

ಹಿರೇಭಾಸ್ಕರದ ವಿಶೇಷ ಅದರ ಸೈಫನ್‌ಗಳು. ಗಣೇಶ್ ಅಯ್ಯರ್ ಅನ್ನೋ ಎಂಜಿನಿಯರ್ ರೂಪಿಸಿದ ವಾಲ್ಯೂಟ್ ಸೈಫನ್‌ಗಳು ಇವು. ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಯಲ್ಲೂ ಇವನ್ನು ನೋಡಬಹುದು. ದೊಡ್ಡ ಆಲಿಕೆಯ ಮೇಲೆ ಗುಮ್ಮಟ ಮುಚ್ಚಿದ ಹಾಗಿರುತ್ತದೆ. ನೀರು ತುಂಬಿ ಆಲಿಕೆಯ ಅಂಚು ದಾಟಿದರೆ ಒಳಗೆ ಸುತ್ತುತ್ತಾ ಇಳಿಯುತ್ತದೆ. ಇಳಿಯುವಾಗ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕೂಡಲೇ ಸೈಫನ್ ಹಿಡಿದುಕೊಂಡು ಕೊಳವೆ ತುಂಬಾ ನೀರು ಧುಮುಕುತ್ತದೆ. ಮಟ್ಟ ಇಳಿದರೆ ಗಾಳಿ ಒಳಗೆ ಹೋಗಿ ತಾನಾಗೇ ನಿಲ್ಲುತ್ತದೆ. ಹೆಚ್ಚಾದ ನೀರು ಬಿಡಲು ಯಾರೂ ಗೇಟು ಎತ್ತಬೇಕಿಲ್ಲ. ಇಷ್ಟು ಬುದ್ಧಿವಂತಿಕೆಯ ಕೆಲಸದ ಗೋಡೆ ಮೇಲೆ ಬಣ್ಣದಲ್ಲಿ ತಮ್ಮ ಹೆಸರು ಬರೆದು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವತ್ತೂ ಒಂದು ಗುಂಪು ಸ್ಪೀಕರ್ ಹಾಕಿಕೊಂಡು ರೀಲ್ಸ್ ಮಾಡುತ್ತಿತ್ತು. ಅವರಿಂದ ದೂರ ಹೋಗೋಣ ಅಂತ ನದಿಯ ಮೇಲುಗಡೆಗೆ ನಡೆದೆವು.

ಅಜ್ಜ ಸಿಕ್ಕಿದ್ದು ಅಲ್ಲಿ. ಹಿನ್ನೀರು ಇಳಿದ ನೆಲದಲ್ಲಿ ಎಳೇ ಹುಲ್ಲು ಬಂದಿತ್ತು, ದನಗಳು ಹರಡಿಕೊಂಡಿದ್ದವು. ವಯಸ್ಸು ಎಪ್ಪತ್ತರ ಹತ್ತಿರ ಇರಬೇಕು. ತಲೆಗೆ ಟವೆಲ್, ಸೊಂಟದ ಕೊಕ್ಕೆಯಲ್ಲಿ ಕತ್ತಿ. ನನ್ನ ಕೈಯಲ್ಲಿದ್ದ ನಕ್ಷೆ ನೋಡಿ ಅವರ ಮುಖ ಗಂಟಾಯಿತು.

"ಸರ್ವೆಯವರಾ?"

"ಅಲ್ಲ ಅಜ್ಜ, ಸುಮ್ನೆ ನೋಡಲಿಕ್ಕೆ ಬಂದವರು."

"ನಕ್ಷೆ ಹಿಡಿದು ಬಂದವರನ್ನ ಕಂಡ್ರೆ ನಮಗೆ ಈಗಲೂ ಹೆದರಿಕೆ ಮಾರಾಯ್ರೆ. ಏನು ಕಟ್ತಾರೋ ಏನೋ."

ಇದು ಹಳೇ ನಕ್ಷೆ, ನೀರು ಬರುವುದಕ್ಕೂ ಮೊದಲಿನದು ಅಂತ ಹೇಳಿದೆ. ಅವರು ಬೇರೆ ಏನೂ ಕೇಳಲಿಲ್ಲ. "ಇದರಲ್ಲಿ ಹೊಳೆ ಯಾವ ಕಡೆಯಿಂದ ಬರ್ತದೆ?" ಅಂತ ಮಾತ್ರ ಕೇಳಿದರು. ತೋರಿಸಿದೆ. ಒಂದು ಬೊಡ್ಡೆಯ ಮೇಲೆ ಹಾಳೆ ಹಾಸಿ, ಅದನ್ನು ಮೆಲ್ಲಗೆ ತಿರುಗಿಸಿದರು. ಹೊಳೆಯ ನೀಲಿ ಗೆರೆ ಎದುರಿಗಿದ್ದ ಹೊಳೆಯ ದಿಕ್ಕಿಗೆ ಸರಿಯಾಗಿ ಕೂರುವವರೆಗೆ ತಿರುಗಿಸಿದರು. ಅಕ್ಷರಗಳು ಈಗ ತಲೆಕೆಳಗು. ಅವರಿಗೆ ಅದರಿಂದ ತೊಂದರೆಯೇ ಇರಲಿಲ್ಲ. ಅವರು ಇಂಗ್ಲಿಷ್ ಓದುವವರಲ್ಲ.

"ಇದು ದೊಡ್ಡ ಹಳ್ಳ. ಇಲ್ಲಿ ಇನ್ನೊಂದು ಸೇರ್ತದೆ, ಹೌದನಾ? ಇದೆ, ಇದೆ. ಇದೆಂತ, ಚುಕ್ಕೆ ಚುಕ್ಕೆ?"

"ಕಾಲುದಾರಿ. ಈ ಜೋಡಿ ಗೆರೆ ಗಾಡಿದಾರಿ."

ಬೆರಳು ಗಾಡಿದಾರಿಯ ಮೇಲೆ ಹತ್ತಿತು. ಉಗುರಿನ ಸಂದಿಯಲ್ಲಿ ಅಡಿಕೆ ಸುಲಿದ ಕಪ್ಪು ಕಲೆ. ಒಂದು ತಿರುವಿನಲ್ಲಿ ನಿಂತಿತು. ಅಲ್ಲೊಂದು ಪುಟ್ಟ ಕೆರೆ, ಅದರ ಪಕ್ಕ ಗುಡಿಯ ಗುರುತು, ಆಮೇಲೆ ಕೆಂಪು ಚುಕ್ಕೆಗಳ ಒಂದು ಸಾಲು.

"ಇದೇ."

ಊರಿನ ಹೆಸರನ್ನು ನಾನು ಓದಿ ಹೇಳಿದೆ. ಅವರು ಹೌದು ಅಂತ ತಲೆಯಾಡಿಸಿ, ಸ್ವಲ್ಪ ಹೊತ್ತು ಬಿಟ್ಟು, "ಅಂದ್ರೆ ಬರ್ಕೊಂಡಿದ್ರು ನೋಡಿ" ಅಂದರು. ಆ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಅವರ ಕುಟುಂಬದ ಜಮೀನಿನ ಫೈಲ್ ಇನ್ನೂ ಓಡಾಡುತ್ತಿದೆ, ಹೆಸರು ಬೇಡ ಅಂತ ಅವರೇ ಕೇಳಿಕೊಂಡರು.

ಆಮೇಲೆ ಮಾತು ಹರಿಯಿತು. ಮೊದಲ ಅಣೆಕಟ್ಟೆ ಬಂದಾಗ ಅವರಿನ್ನೂ ಹುಟ್ಟಿರಲಿಲ್ಲ. ಹೊಳೆ ಪಕ್ಕದ ಗದ್ದೆ ಆಗ ಹೋಯಿತಂತೆ. ಮನೆ ಎತ್ತರದಲ್ಲಿತ್ತು, ಉಳಿಯಿತು. ಅಪ್ಪ ಗುಡ್ಡದ ಬದಿ ಕಡಿದು ಹೊಸ ಗದ್ದೆ ಮಾಡಿದರು. ಎರಡನೆಯದಕ್ಕೆ ಅದೂ ಹೋಯಿತು, ಮನೆಯೂ ಹೋಯಿತು. "ನೀರು ಬರ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅಷ್ಟು ಮೇಲೆ ಬರ್ತದೆ ಅಂತ ಯಾರೂ ನಂಬ್ಲಿಲ್ಲ. ಹಿಂದಿನ ಸಲ ಅಂಗಳದ ಕೆಳಗೇ ನಿಂತಿತ್ತಲ್ಲ!" ಹೊರಡುವಾಗ ಬಾಗಿಲು, ದಾರಂದ, ಪಕಾಸು, ಹೆಂಚು ಎಲ್ಲ ಬಿಚ್ಚಿ ಗಾಡಿಗೆ ಹೇರಿದರಂತೆ. ಗೋಡೆ ಬಿಟ್ಟು ಬಂದರು. ಇದೇ ಗಾಡಿದಾರಿ, ಇದೇ ತಿರುವು. ಹತ್ತು ವರ್ಷದ ಹುಡುಗ ಹೆಂಚಿನ ಗಾಡಿಯ ಹಿಂದೆ ನಡೆದುಬಂದದ್ದನ್ನು ಅವರು ಹೇಳಿದ್ದು ನಕ್ಷೆ ಮೇಲಿಂದ ಬೆರಳು ತೆಗೆಯದೆ.

"ಹುಡುಕೋಣವಾ?" ಅಂದೆ. ಪ್ರತಿ ಬೇಸಿಗೆ ದನ ಹೊಡ್ಕೊಂಡು ಬರುತ್ತಾರೆ, ಅವರಿಗೆ ಆ ಜಾಗ ಗೊತ್ತೇ ಇರುತ್ತದೆ ಅಂದುಕೊಂಡಿದ್ದೆ. ಇಲ್ಲವಂತೆ. ಹೂಳು ಕೂತು ಎಲ್ಲ ಒಂದೇ ಥರ ಆಗಿದೆ, ಮರ ಇಲ್ಲ, ಬೇಲಿ ಇಲ್ಲ, ಎಲ್ಲಿ ಅಂತ ಹೇಳೋದು. ಕೆರೆಯಿಂದ ಶುರು ಮಾಡಿದೆವು. ಎರಡು ಹಳ್ಳ ಸೇರುವ ಜಾಗ ಈಗಲೂ ತಗ್ಗಾಗಿ ಕಾಣುತ್ತಿತ್ತು. ಅಲ್ಲಿಂದ ಅಳೆದುಕೊಂಡು ಹೋದರೆ ಮಣ್ಣಿನ ಸಣ್ಣ ದಿಬ್ಬ ಅಡ್ಡ ಸಿಕ್ಕಿತು. ಕೆರೆ ಏರಿ. ಅಜ್ಜ ಏರಿ ಹತ್ತಿ ನಿಂತರು, ಆಮೇಲೆ ನಕ್ಷೆ ಬೇಕಾಗಲಿಲ್ಲ. ನನಗಿಂತ ಮುಂದೆ, ಜೋರಾಗಿ ನಡೆದುಬಿಟ್ಟರು. ನಾವು ಹೋಗಿ ಮುಟ್ಟುವಾಗ ಕಾಲಿನಿಂದ ಹೂಳು ಕೆದರುತ್ತಿದ್ದರು. ಜಂಬಿಟ್ಟಿಗೆಯ ಮೆಟ್ಟಿಲು ಎದ್ದಿತು. ಮೂರು ಮೆಟ್ಟಿಲು. ಮೇಲಿನದರ ಮೂಲೆ ಸವೆದು ಬಟ್ಟಲಿನಷ್ಟು ಗುಂಡಿಯಾಗಿತ್ತು.

"ಅಬ್ಬೆ ಇಲ್ಲೇ ಕಾಲು ತೊಳೆಯೋಕೆ ಚೊಂಬು ಇಡ್ತಿದ್ಲು" ಅಂದರು.

ಅಲ್ಲೇ ಕೂತೆವು. ಹುಡುಗ ತಂದಿದ್ದ ಅವಲಕ್ಕಿ ತಿಂದೆವು. ಆಗ ಅಜ್ಜ ಕೇಳಿದ ಪ್ರಶ್ನೆ ಇದು: "ಇದರಲ್ಲಿ ಸರ್ಕಾರದ್ದು ಅಂತ ಬರ್ದಿದೆಯಾ? ಯಾವ ವರ್ಷದ್ದು ಅಂತ?"

ಇಲ್ಲಿ ನನ್ನ ಸಂಕಟ ಹೇಳಲೇಬೇಕು. ಸರ್ವೆ ಯಾವ ಹಂಗಾಮಿನಲ್ಲಿ ನಡೆಯಿತು, ಯಾವ ವರ್ಷ ಅಚ್ಚಾಯಿತು, ಸರ್ವೇಯರ್ ಜನರಲ್ ಹೆಸರು, ಎಲ್ಲ ಟೊಪೊ ಶೀಟಿನ ಅಂಚಿನಲ್ಲಿ ಇರುತ್ತದೆ. ಮೇಷ್ಟ್ರ ಹಾಳೆ ಮಡಿಕೆಯಲ್ಲಿ ಹರಿಯುವಂತಿತ್ತು. ಹಾಗಾಗಿ ಅದರ ಕಲರ್ ಪ್ರಿಂಟ್ ಮಾಡಿಸಿ ತಂದಿದ್ದೆ. ಬೆಂಗಳೂರಿನ ಆ ಪ್ರಿಂಟ್ ಅಂಗಡಿಯವರಿಗೆ ಅಂಚು ಬಿಡಬೇಡಿ ಅಂತ ಬಾಯಿಬಿಟ್ಟು ಹೇಳಿದ್ದೆ, ಚೀಟಿಯಲ್ಲೂ ಬರೆದು ಕೊಟ್ಟಿದ್ದೆ. ಲ್ಯಾಮಿನೇಶನ್ ಕವರಿಗೆ ಹಿಡಿಸಲಿಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿ, ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ದರು. ಹೊರಡುವ ಬೆಳಿಗ್ಗೆ ಬಿಚ್ಚಿದಾಗ ಬೇರೆ ಮಾಡಿಸಲು ಸಮಯವಿರಲಿಲ್ಲ. ಅಜ್ಜ ಕೇಳಿದ ಎರಡೇ ಪ್ರಶ್ನೆಗೆ ಉತ್ತರ ಇದ್ದದ್ದು ಆ ಕತ್ತರಿಸಿ ಎಸೆದ ಪಟ್ಟಿಯಲ್ಲಿ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಹಳೇ ನಕ್ಷೆ ಹಿಡಿದು ಹೊರಡುವವರು ದಯವಿಟ್ಟು ಕೇಳಿ. ಪ್ರಿಂಟ್ ಆದ ಮೇಲೆ ಅಂಗಡಿಯಲ್ಲೇ ಬಿಚ್ಚಿ ನೋಡಿ. ಕಾಗದಕ್ಕೆ ಹೊಂದಿಸಲು ಕುಗ್ಗಿಸಬೇಡಿ ಅನ್ನಿ, ಕುಗ್ಗಿಸಿದರೆ ಮೈಲಿಗೆ ಇಂಚು ಅನ್ನೋ ಅಳತೆ ಸುಳ್ಳಾಗುತ್ತದೆ. ಕಪ್ಪು ಬಿಳುಪಿನ ಜೆರಾಕ್ಸ್ ಬೇಡವೇ ಬೇಡ, ಹಳ್ಳ ಯಾವುದು, ಎತ್ತರದ ಗೆರೆ ಯಾವುದು, ದಾರಿ ಯಾವುದು ಅಂತ ಗೊತ್ತಾಗೋದಿಲ್ಲ. ಹಳೇ ಹಾಳೆಯ ಅಕ್ಷಾಂಶ ರೇಖಾಂಶವನ್ನು ಹಾಗೇ ಫೋನಿಗೆ ಹಾಕಿದರೆ ಜಾಗ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಭೂಮಿಯ ಆಕಾರದ ಲೆಕ್ಕಕ್ಕೆ ಆಗ ಎವರೆಸ್ಟ್ ಅನ್ನೋ ಮಾನ ಬಳಸುತ್ತಿದ್ದರು, ಫೋನಿನದ್ದು ಬೇರೆ. ಮುಳುಗದೆ ಉಳಿದ ಗುಡ್ಡದ ತುದಿಗಳನ್ನು ಹಿಡಿದು ಹೊಂದಿಸಿಕೊಳ್ಳಿ. ಒಂದಿಂಚಿನ ಹಾಳೆ ಸಿಗದಿದ್ದರೆ, ಅಮೆರಿಕದ ಸೇನೆ 1950ರ ದಶಕದ ಸುಮಾರಿಗೆ ಮಾಡಿದ 1:2,50,000 ಅಳತೆಯ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮನೆ ಹುಡುಕಲು ಅವು ಸಾಲದು, ಕಣಿವೆ ಹೇಗಿತ್ತು ಅಂತ ತಿಳಿಯಲು ಸಾಕು.

ಕರಾವಳಿಯಿಂದ 80 ಕಿಲೋಮೀಟರ್ ಒಳಗಿನ ಇಂಥ ಹಾಳೆಗಳನ್ನು ಬಹಳ ಕಾಲ ಸಾಮಾನ್ಯ ಜನರಿಗೆ ಕೊಡುತ್ತಿರಲಿಲ್ಲ. ತಮ್ಮ ಊರನ್ನು ಸರ್ಕಾರ ಇಷ್ಟು ಚೊಕ್ಕವಾಗಿ ಬರೆದಿಟ್ಟಿದೆ ಅಂತ ಆ ಊರಿನವರಿಗೇ ಗೊತ್ತಿರಲಿಲ್ಲ. ಮುಳುಗಡೆಯಾಗಿ ಅರವತ್ತು ವರ್ಷ ದಾಟಿದರೂ ಎಷ್ಟೋ ಕುಟುಂಬಗಳಿಗೆ ಹೊಸ ಜಾಗದ ಹಕ್ಕುಪತ್ರ ಬಂದಿಲ್ಲ. ಕಚೇರಿಗೆ ಹೋದಾಗಲೆಲ್ಲ ನೀವು ಅಲ್ಲಿಯವರು ಅನ್ನೋದಕ್ಕೆ ಏನಿದೆ ಅಂತ ಕೇಳ್ತಾರೆ ಅಂತ ಅಜ್ಜ ಹೇಳಿದರು. ಟೊಪೊ ಶೀಟ್ ಜಮೀನಿನ ದಾಖಲೆ ಅಲ್ಲ, ಅದರಲ್ಲಿ ಸರ್ವೆ ನಂಬರೂ ಇಲ್ಲ, ಮಾಲೀಕರ ಹೆಸರೂ ಇಲ್ಲ. ಅದನ್ನೂ ಅವರಿಗೆ ಬಿಡಿಸಿ ಹೇಳಿದೆ. "ಇರ್ಲಿ, ಊರು ಇತ್ತು ಅಂತಾದ್ರೂ ಇದೆಯಲ್ಲ" ಅಂದರು.

ಬೆಂಗಳೂರಿಗೆ ಬಂದ ಮೇಲೆ ಮೇಷ್ಟ್ರನ್ನು ಕೇಳಿ, ಹಾಳೆಯನ್ನು ಬೇರೆ ಕಡೆ ಒಯ್ದು, ಎದುರಿಗೇ ನಿಂತು, ಅಂಚು ಸಮೇತ ಪೂರ್ತಿ ಅಳತೆಯಲ್ಲಿ ಪ್ರಿಂಟ್ ಮಾಡಿಸಿದೆ. ಊರಿನ ಹೆಸರಿನ ಪಕ್ಕ, ಅಂಚಿನ ಬರಹದ ಪಕ್ಕ ಕನ್ನಡದಲ್ಲಿ ಚೀಟಿ ಅಂಟಿಸಿ ಅಂಚೆಗೆ ಹಾಕಿದೆ. ವಾರದ ಮೇಲೆ ಅವರ ಮಗ ಫೋನ್ ಮಾಡಿದರು. ಒಂದು ಪ್ರತಿ ಫೈಲಿಗೆ ಹೋಯಿತಂತೆ, ಮೂಲ ಪ್ರತಿಗೆ ಅಜ್ಜ ಕಟ್ಟು ಹಾಕಿಸುತ್ತಿದ್ದಾರಂತೆ. ಅಜ್ಜ ಫೋನ್ ಇಸ್ಕೊಂಡು ಕೇಳಿದ್ದು ಒಂದೇ: ಅವರ ಭಾವನ ಊರು ಹೊಳೆಯ ಮೇಲುಗಡೆ, ಇದಕ್ಕೆ ತಾಗಿದ ದಕ್ಷಿಣದ ಹಾಳೆಯಲ್ಲಿ ಬರುತ್ತದೆ, ಅದೂ ಸಿಗಬಹುದಾ?

ಅದರ ನಂಬರ್ 48 ಕೆ/13. ಮೇಷ್ಟ್ರ ಸುರುಳಿಯಲ್ಲಿ ಇಲ್ಲ. 1964ಕ್ಕೂ ಹಿಂದಿನ ಒಂದಿಂಚಿನ ಪ್ರತಿ ನಿಮ್ಮ ಮನೆಯ ಅಟ್ಟದಲ್ಲೋ ಕಾಲೇಜಿನ ಭೂಗೋಳ ವಿಭಾಗದ ಬೀರುವಿನಲ್ಲೋ ಇದ್ದರೆ ತಿಳಿಸಿ. ಅಂಚು ಇರುವ ಪ್ರತಿಯೇ ಬೇಕು.