ಮರಳಿನ ತೇವ, ಮ್ಯಾಂಗನೀಸ್ ಪ್ಲೇಟಿನ ಲೆಕ್ಕ

18 ಜುಲೈ 2024, ಗುರುವಾರ
ಶಿವಮೊಗ್ಗ

ಪುನರ್ವಸು ಮಳೆ ಬಿಡುವ ಲಕ್ಷಣವಿಲ್ಲ. ಸವೆತದ ಲ್ಯಾಬಿನಲ್ಲಿ ಮಳೆಗಾಲದ ಮೊದಲ ಪೆಟ್ಟು ಮರಳಿಗೆ. ಜಿ65 ಎಂದರೆ ತಿರುಗುವ ರಬ್ಬರ್ ಚಕ್ರಕ್ಕೂ ಲೋಹದ ಸ್ಯಾಂಪಲಿಗೂ ನಡುವೆ ಮರಳು ಸುರಿಸಿ ಸವೆತ ಅಳೆಯುವ ಟೆಸ್ಟ್. ಅದರ ದುಂಡುಕಾಳಿನ ಸ್ಫಟಿಕ ಮರಳಿನಲ್ಲಿ ತೇವ ಶೇ 0.5 ಮೀರಬಾರದು. ಮಲೆನಾಡಿನ ಜುಲೈಯಲ್ಲಿ ಚೀಲ ಬಿಚ್ಚಿಟ್ಟರೆ ಅದು ಆಗದ ಮಾತು. ಬೆಳಿಗ್ಗೆ ನಾಝಲ್ ಕೆಳಗೆ ಮರಳಿನ ತೆರೆ ಒಂದೇ ಸಮ ಬೀಳದೆ ನಡುವೆ ಸೀಳುತ್ತಿತ್ತು. ತೆರೆ ಸೀಳಿದರೆ ಚಕ್ರದ ರಬ್ಬರು ಬರೀ ಲೋಹಕ್ಕೆ ಉಜ್ಜುತ್ತದೆ, ಸವೆದ ಗುರುತು ಒಂದು ಪಕ್ಕಕ್ಕೆ ವಾಲುತ್ತದೆ, ಆ ಸ್ಯಾಂಪಲ್ ಕೆಟ್ಟಂತೆ. ಮೆಷಿನ್ ನಿಲ್ಲಿಸಿ, ಮರಳನ್ನು 100 ಡಿಗ್ರಿಯಲ್ಲಿ ಒಣಗಿಸಿ, ಒಂದು ನಿಮಿಷದ ಹರಿವು ಹಿಡಿದು ತೂಗಿ, 300ರಿಂದ 400 ಗ್ರಾಂ ಒಳಗೆ ಬಂದ ಮೇಲೇ ಮತ್ತೆ ಶುರು. ಒಣಗಿದ ಮರಳನ್ನು ಮುಚ್ಚಳವಿರುವ ಉಕ್ಕಿನ ಡಬ್ಬಿಯಲ್ಲಿಟ್ಟು ಒಳಗೆ 100 ವ್ಯಾಟ್‌ನ ಹಳೇ ತಂತಿ ಬಲ್ಬ್ ಉರಿಸಿಡಬೇಕು. ಎಲ್‌ಇಡಿ ಬಲ್ಬಿಗೆ ಆ ಬಿಸಿ ಇಲ್ಲ.

ಜಿ65ರ ಎ ವಿಧಾನದಲ್ಲಿ ಸ್ಯಾಂಪಲನ್ನು ಚಕ್ರಕ್ಕೆ ಒತ್ತುವ ಬಲ 130 ನ್ಯೂಟನ್, ನಿಮಿಷಕ್ಕೆ 200ರಂತೆ 6000 ಸುತ್ತು. ಅರ್ಧ ಗಂಟೆಯಲ್ಲಿ 9ರಿಂದ 12 ಕಿಲೋ ಮರಳು ಖರ್ಚು. ಒಮ್ಮೆ ಬಿದ್ದದ್ದನ್ನು ಮತ್ತೆ ಹಾಕುವ ಹಾಗಿಲ್ಲ, ಕಾಳು ಒಡೆದಿರುತ್ತದೆ.

ಮಧ್ಯಾಹ್ನ ಮಾಚೇನಹಳ್ಳಿ ಕಡೆಯ ಫೌಂಡ್ರಿ ಯಜಮಾನರ ಫೋನ್. ದನಿಯಲ್ಲೇ ಬೇಜಾರು ಗೊತ್ತಾಗುತ್ತಿತ್ತು. ಕ್ರಷರ್‌ನವರು ಅವರ ಮ್ಯಾಂಗನೀಸ್ ಉಕ್ಕಿನ ಜಾ ಪ್ಲೇಟ್ (ಕ್ರಷರಿನಲ್ಲಿ ಕಲ್ಲನ್ನು ಜಗಿಯುವ ದವಡೆ) ಬೇಡ ಅಂದಿದ್ದಾರಂತೆ.

"ಸಾರ್, ನಿಮ್ಮ ರಿಪೋರ್ಟೇ ತೋರಿಸ್ತಾರೆ. 500 ಬ್ರಿನೆಲ್ ಗಟ್ಟಿತನದ ಪ್ಲೇಟಿಗಿಂತ ನಮ್ದು ಜಾಸ್ತಿ ಸವೆದಿದೆ ಅಂತ. ನಲವತ್ತು ವರ್ಷದಿಂದ ಕ್ರಷರಿಗೆ ಮ್ಯಾಂಗನೀಸೇ ಹಾಕ್ತಿರೋದಲ್ವಾ?"

"ರಿಪೋರ್ಟ್ ಸರಿ ಇದೆ, ಯಜಮಾನ್ರೇ. ಆದ್ರೆ ನಿಮ್ಮ ಪ್ಲೇಟಿಗೆ ಆ ಟೆಸ್ಟೇ ಅಲ್ಲ."

12-14 ಶೇಕಡಾ ಮ್ಯಾಂಗನೀಸ್ ಇರುವ ಈ ಉಕ್ಕನ್ನು ಇಂಗ್ಲೆಂಡಿನ ಲೋಹತಜ್ಞ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದದ್ದು. ಎರಕದಿಂದ ಬಂದು ನೀರಿನಲ್ಲಿ ತಣಿಸಿದಾಗ ಇದು 200 ಬ್ರಿನೆಲ್ ಆಸುಪಾಸಿನ ಮೆತ್ತನೆ ಲೋಹ. ಕಲ್ಲಿನ ಪೆಟ್ಟು ಬಿದ್ದಂತೆಲ್ಲ ಮೇಲ್ಮೈ ಗಟ್ಟಿಯಾಗುತ್ತಾ 500ರ ಹತ್ತಿರ ಹೋಗುತ್ತದೆ, ಒಳಗಿನದು ಮೆತ್ತಗೇ ಉಳಿದು ಬಿರಿಯದಂತೆ ತಡೆಯುತ್ತದೆ. ರಬ್ಬರ್ ಚಕ್ರದ ಕೆಳಗೆ ಮರಳು ಗೀರುತ್ತದೆ ಅಷ್ಟೇ, ಗುದ್ದುವುದಿಲ್ಲ. ಗಟ್ಟಿಯಾಗಲು ಬೇಕಾದ ಪೆಟ್ಟೇ ಸಿಗದೆ ಪಾಪದ ಮ್ಯಾಂಗನೀಸ್ ಮೆತ್ತಗಿದ್ದಂತೇ ಸವೆದುಹೋಗುತ್ತದೆ. ಅದಿರು ಜಾರುವ ಚ್ಯೂಟಿನ ಒಳಹೊದಿಕೆಗೆ ಜಿ65 ಸರಿಯಾದ ಅಳತೆ. ಕುದುರೆಮುಖದಿಂದ ಮಂಗಳೂರಿಗೆ ಕೊಳವೆಯಲ್ಲಿ ಹೋಗುತ್ತಿದ್ದಂಥ ಅದಿರು-ನೀರಿನ ಸ್ಲರಿಗೆ ನೀರು ಬೆರೆತ ಟೆಸ್ಟೇ ಬೇರೆ. ಜಾ ಪ್ಲೇಟಿಗೆ ಜಿ81 ಮಾಡಿಸಬೇಕು: ಸಣ್ಣ ಜಾ ಕ್ರಷರ್, ಪ್ರತಿ ಜೋಡಿಯಲ್ಲಿ ಒಂದು ಬದಿ ನಮ್ಮ ಪ್ಲೇಟ್, ಎದುರು ಬದಿ ಗೊತ್ತಿರುವ ಉಕ್ಕಿನ ಪ್ಲೇಟ್, ನಿಜವಾದ ಕಲ್ಲು ಒಡೆದು ಎರಡರ ಸವೆತದ ಅನುಪಾತ ತೆಗೆಯುವುದು.

"ಹಂಗಾದ್ರೆ ಒಂದು ಪ್ಲೇಟ್ ಎಷ್ಟು ತಿಂಗಳು ಬರುತ್ತೆ ಅಂತ ಬರೆದುಕೊಡಿ."

ಅದನ್ನು ಬರೆಯಲಾಗದು. ಯಾವುದು ಮುಂದೆ, ಯಾವುದು ಹಿಂದೆ ಎನ್ನುವುದಷ್ಟೇ ಲ್ಯಾಬ್ ಹೇಳಬಲ್ಲದು. ತಿಂಗಳು ಹೇಳುವುದು ಅವರ ಕ್ವಾರಿಯ ಕಲ್ಲು.

ಸವೆದ ಗಾತ್ರ ಬಿಟ್ಟು ಬರೀ ಕಳೆದ ತೂಕ ನೋಡಿ ತೀರ್ಮಾನಿಸುವವರೂ ಇದ್ದಾರೆ, ಅದು ಇನ್ನೂ ದೊಡ್ಡ ಅನ್ಯಾಯ. 0.785 ಗ್ರಾಂ ಹೋದರೆ ಉಕ್ಕಿನಲ್ಲಿ, ಅಂದರೆ ಘನ ಸೆಂಟಿಮೀಟರಿಗೆ 7.85 ಗ್ರಾಂ ಸಾಂದ್ರತೆಗೆ, 100 ಘನ ಮಿಲಿಮೀಟರ್. 12 ಸಾಂದ್ರತೆಯ ಟಂಗ್‌ಸ್ಟನ್ ಕಾರ್ಬೈಡ್ ಲೇಪದಲ್ಲಿ ಅಷ್ಟೇ ತೂಕ ಹೋದರೆ 65 ಮಾತ್ರ. ರಬ್ಬರ್ ಚಕ್ರವೂ ಸವೆಯುತ್ತಿರುತ್ತದೆ. 228.6 ಇದ್ದ ವ್ಯಾಸ 222 ಮಿಲಿಮೀಟರಿಗೆ ಇಳಿದಿದ್ದರೆ ಆ 100 ಅನ್ನು 103 ಎಂದು ತಿದ್ದಬೇಕು. ಈ ತಿದ್ದುಪಡಿ ಇಲ್ಲದ ರಿಪೋರ್ಟನ್ನು ಪಕ್ಕದಲ್ಲಿಟ್ಟು ಹೋಲಿಸುವುದೇ ತಪ್ಪು.

ಸಂಜೆ ಕರೆಂಟ್ ಎರಡು ಸಲ ಹೋಯಿತು. ಮೆಷಿನ್ ಸರಿ ಇದೆಯೇ ಎಂದು ನೋಡಲು ಓಡುತ್ತಿದ್ದ ಡಿ2 ಎಂಬ ಟೂಲ್ ಉಕ್ಕಿನ ರೆಫರೆನ್ಸ್ ಸ್ಯಾಂಪಲ್ ಅರ್ಧಕ್ಕೇ ನಿಂತಿತು. ನಾಳೆ ಹೊಸದೇ ಹಾಕಬೇಕು, ಅದು 36 ಘನ ಮಿಲಿಮೀಟರ್ ಆಸುಪಾಸು ತೋರಿಸುವ ತನಕ ಬೇರೆ ಯಾವುದನ್ನೂ ಮುಟ್ಟುವಂತಿಲ್ಲ.

ಯಜಮಾನರು ಫೋನ್ ಇಡುವ ಮುಂಚೆ ಕೇಳಿದ ಮಾತು ಮಾತ್ರ ತಲೆಯಲ್ಲೇ ಇದೆ. ಕ್ರಷರಿನಲ್ಲಿ ದುಡಿದು ಗಟ್ಟಿಯಾದ ಹಳೇ ಪ್ಲೇಟಿನಿಂದ ತುಂಡು ತೆಗೆದು ಜಿ65ಕ್ಕೇ ಹಾಕಿದರೆ? ಗ್ಯಾಸ್ ಕಟ್ಟಿಂಗ್ ಕೂಡದು, ಬಿಸಿಗೆ ಕಾರ್ಬೈಡ್ ಹೊರಬಿದ್ದು ಮ್ಯಾಂಗನೀಸ್ ಪೆಡಸಾಗುತ್ತದೆ. ನೀರು ಹಾಯಿಸುತ್ತಾ ನಿಧಾನವಾಗಿ ಕತ್ತರಿಸಬೇಕು. ಮುಖ ಸಮ ಮಾಡಲು ಗ್ರೈಂಡ್ ಮಾಡಿದರೆ ಗಟ್ಟಿಯಾದ ಪದರವೇ ಹೋಗಿಬಿಡಬಹುದು. ಮೊದಲು ಅಡ್ಡ ಸೀಳಿದ ಮುಖದಲ್ಲಿ ಮೇಲಿನಿಂದ ಒಳಕ್ಕೆ ಅರ್ಧರ್ಧ ಮಿಲಿಮೀಟರಿಗೆ ಹಾರ್ಡ್‌ನೆಸ್ ತೆಗೆದು, ಪದರ ಎಷ್ಟು ಆಳ ಎಂದು ನೋಡಿಕೊಂಡು, ಆಮೇಲೆ...