ಹಳೇ ಇಂಜಿನ್‌ಗೆ ಬಣ್ಣ ಆರಿಸೋ ಮುಂಚೆ ಇಸವಿ ಆರಿಸಿ

ಮ್ಯೂಸಿಯಂನಿಂದ ಹಳೇ ರೈಲ್ ಇಂಜಿನ್ ರಿಪೇರಿ ಆಗಿ ಹೊರಗ್ ಬಂತು ಅಂದ್ರೆ ಸಾಕು, ಜಗಳ ಶುರು. ಹಸಿರು ತಿಳಿಯಾಯ್ತು ಅಂತ ಒಬ್ರು, ಅಂಚಿನ ಗೆರೆ ದಪ್ಪ ಆಯ್ತು ಅಂತ ಇನ್ನೊಬ್ರು. ನನ್ ಪ್ರಕಾರ ಶೇಡ್ ವಿಷ್ಯ ಆಮೇಲಿಂದು, ಮೊದ್ಲು ಕೇಳ್ಬೇಕಾಗಿರೋದು ಈ ಇಂಜಿನ್ ಈಗ ನಿಂತಿರೋ ರೂಪ ಯಾವ ಇಸವಿದು ಅಂತ. ತಯಾರಾದ ಇಸವಿ ಅಲ್ಲ, ಚಿಮಣಿ, ಬಾಯ್ಲರ್, ಹೆಡ್‌ಲೈಟ್ ಎಲ್ಲ ಸೇರಿ ಹೇಳೋ ಇಸವಿ.

ಬ್ರಿಟನ್ನಿನ ಹೆಸರಾಂತ ಉಗಿ ಇಂಜಿನ್ ಫ್ಲೈಯಿಂಗ್ ಸ್ಕಾಟ್ಸ್‌ಮನ್ನೇ ತಗೊಳ್ಳಿ. 1923ರಲ್ಲಿ ಡಾಂಕಾಸ್ಟರ್‌ನಲ್ಲಿ ತಯಾರಾಯ್ತು, ಆ್ಯಪಲ್ ಗ್ರೀನ್ ಹೊಡೆದು 4472 ನಂಬರ್‌ನಲ್ಲಿ ಹೆಸರು ಮಾಡ್ತು, ಯುದ್ಧದ ಟೈಮಲ್ಲಿ ಕಪ್ಪಾಯ್ತು, ರೈಲ್ವೇ ರಾಷ್ಟ್ರೀಕರಣ ಆದ್ಮೇಲೆ ಸ್ವಲ್ಪ ದಿನ ನೀಲಿ, ಆಮೇಲೆ ಬ್ರಿಟಿಷ್ ರೈಲ್ವೇಸ್‌ನ ಗಾಢ ಹಸಿರು, ನಂಬರ್ 60103, ಹಂಗೇ 1963ರಲ್ಲಿ ಸರ್ವೀಸ್ ಮುಗಿಸ್ತು. ಈ ನಡುವೆ 1950ರ ದಶಕದ ಕೊನೇಲಿ ಜೋಡಿ ಚಿಮಣಿ ಬಂತು, 1961ರಲ್ಲಿ ಹೊಗೆ ಮೇಲಕ್ಕೆ ತಳ್ಳೋ ತಗಡುಗಳು ಎರಡೂ ಪಕ್ಕ ಬಂದ್ವು. ಅಂದ್ರೆ ಆ ತಗಡು ಇಟ್ಕೊಂಡು ಆ್ಯಪಲ್ ಗ್ರೀನ್ ಹೊಡೆದ್ರೆ ಸರ್ವೀಸ್‌ನಲ್ಲಿ ಯಾವತ್ತೂ ಇರದೇ ಇದ್ದ ಇಂಜಿನ್ ಆಗತ್ತೆ. 2016ರಲ್ಲಿ ಅದು ಗಾಢ ಹಸಿರಲ್ಲಿ ವಾಪಸ್ ಬಂದಾಗ ಆ್ಯಪಲ್ ಗ್ರೀನೇ ಬೇಕಿತ್ತು ಅನ್ನೋರಿಗೆ ಬೇಜಾರು. ನಂಗೆ ಮಾತ್ರ ಅದೇ ಸರಿ ಅನ್ಸತ್ತೆ, ಕಬ್ಬಿಣ 1961 ಅಂತಿರುವಾಗ ಬಣ್ಣ 1923 ಅನ್ನಬಾರದು.

ಅಮೆರಿಕದ ಸದರ್ನ್ ರೈಲ್ವೇ 4501 ಇನ್ನೊಂದ್ ಥರ. 1911ರಲ್ಲಿ ಬಾಲ್ಡ್‌ವಿನ್ ಕಂಪನಿ ಮಾಡಿದ ಇಂಜಿನ್, ಗೂಡ್ಸ್ ಎಳೀತಿದ್ದದ್ದು, ಮೈಯೆಲ್ಲ ಕಪ್ಪು. 60ರ ದಶಕದಲ್ಲಿ ಜನರನ್ನ ಸುತ್ತಾಡಿಸೋಕೆ ತಂದಾಗ ಅದೇ ಕಂಪನಿಯ ಪ್ಯಾಸೆಂಜರ್ ಇಂಜಿನ್‌ಗಳ ಹಸಿರು, ಬಂಗಾರದ ಗೆರೆ ಹೊಡೆದ್ರು. ನೋಡೋಕೆ ಭಾರೀ ಚೆಂದ, ಆದ್ರೆ ಸಾಲದ ಬಟ್ಟೆ. 2014ರಲ್ಲಿ ಕಪ್ಪಲ್ಲಿ ಬಂದಾಗ ಅದೇ ಹಸಿರು ನೋಡ್ಕೊಂಡು ಬೆಳೆದೋರಿಗೆ ತಮ್ಮ ಇಂಜಿನ್ನೇ ಅಲ್ಲ ಅನ್ಸಿದ್ರೆ ಆಶ್ಚರ್ಯ ಇಲ್ಲ ಬಿಡಿ.

ಇಸವಿ ಗೊತ್ತಾದ್ಮೇಲೆ ಸಾಕ್ಷಿ ಹುಡುಕೋ ಕೆಲಸ, ಮಜಾ ಇರೋದು ಇಲ್ಲೇ. ಎಲ್ಲಕ್ಕಿಂತ ಮುಂಚೆ ಸ್ಯಾಂಡ್‌ಬ್ಲಾಸ್ಟಿಂಗ್‌ನೋರನ್ನ ಗೇಟ್ ಹೊರಗೇ ನಿಲ್ಸಿ. ಒಂದ್ಸಲ ಮರಳು ಹೊಡೆದ್ರೆ ಎಲ್ಲಾ ಪದರಾನೂ ಒಟ್ಟಿಗೆ ಹೋಗತ್ತೆ, ತಿರುಗಿ ಬರಲ್ಲ. ಬಿಸಿಲು ಮಳೆ ತಾಗದ ಜಾಗ, ಅಂದ್ರೆ ಬ್ರಾಕೆಟ್ ಕೆಳಗೆ, ಕ್ಯಾಬ್ ಒಳಗಿನ ಮೂಲೆ, ಅಂಥ ಕಡೆ ನುಣುಪು ಸ್ಯಾಂಡ್‌ಪೇಪರ್‌ನಿಂದ ನಿಧಾನಕ್ಕೆ ಗುಂಡಗೆ ಉಜ್ತಾ ಹೋದ್ರೆ ಪದರಗಳು ಒಂದರ ಸುತ್ತ ಒಂದು ಬಳೆ ಥರ ಕಾಣ್ಸತ್ತೆ. ಹಳೇ ಪೇಂಟಲ್ಲಿ ಸೀಸ ಇರತ್ತೆ, ಒದ್ದೆ ಮಾಡ್ಕೊಂಡೇ ಉಜ್ಜಿ, ಮಾಸ್ಕ್ ಹಾಕ್ಕೊಳ್ಳಿ. ಹತ್ತು ಪದರ ಕಂಡ್ರೆ ಹತ್ತು ಸಲ ಬಣ್ಣ ಹೊಡೆದಿದಾರೆ ಅಂದ್ಕೋಬೇಡಿ, ಆಗ ಪ್ರೈಮರ್, ಫಿಲ್ಲರ್, ಅಂಡರ್‌ಕೋಟ್, ಬಣ್ಣ, ವಾರ್ನಿಷ್ ಅಂತ ಒಂದೇ ಸಲಕ್ಕೆ ಸುಮಾರು ಕೋಟ್ ಬೀಳ್ತಿತ್ತು. ಒಂದು ಚೂರು ಪೇಂಟನ್ನ ಅಡ್ಡಕ್ಕೆ ಕತ್ತರಿಸಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಎರಡು ಪದರದ ನಡುವೆ ಮಸಿ ಗೆರೆ ಕಾಣ್ಸತ್ತಾ ನೋಡಿ. ಮಸಿ ಕೂತಿದೆ ಅಂದ್ರೆ ಆ ಪದರ ಹೊರಗಡೆ ಓಡಾಡಿದೆ, ಇಲ್ಲಾಂದ್ರೆ ಬರೀ ಅಂಡರ್‌ಕೋಟ್ ಇರಬಹುದು. ವಾರ್ನಿಷ್ ಹಳೇದಾದ್ರೆ ಹಳದಿ ಆಗತ್ತೆ, ಅದರ ಕೆಳಗಿರೋ ನೀಲಿ ಹಸಿರಾಗಿ ಕಾಣತ್ತೆ, ಅದನ್ನ ಹಂಗೇ ಅಂಗಡಿಗೆ ಒಯ್ದು ಮ್ಯಾಚ್ ಮಾಡ್ಸಿದ್ರೆ ಕಥೆ ಮುಗೀತು. ಸಿಕ್ಕಿದ್ದನ್ನ ಮನ್ಸೆಲ್ ನಂಬರಲ್ಲಿ, ಅಂದ್ರೆ ಪ್ರತಿ ಬಣ್ಣಕ್ಕೂ ಒಂದು ಗುರುತು ಕೊಡೋ ಪದ್ಧತೀಲಿ, ಬರೆದಿಟ್ರೆ ಪೇಂಟ್ ಕಂಪನಿ ಮುಚ್ಚಿಹೋದ್ರೂ ಬಣ್ಣ ಉಳಿಯತ್ತೆ.

ಫೋಟೋ ನಂಬ್ಕೊಂಡು ಕೂರೋರಿಗೆ ಒಂದ್ ಮಾತು. ಹಳೇ ಕಪ್ಪು-ಬಿಳುಪಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣಲ್ಲ, ಕೆಂಪು ಬಂಪರ್ ಫೋಟೋದಲ್ಲಿ ಹತ್ತತ್ರ ಕಪ್ಪಾಗಿ ಬರತ್ತೆ, ನೀಲಿ ಬಿಳಚಿಕೊಳ್ಳತ್ತೆ. ಕೊಡಾಕ್ರೋಮ್ ಅನ್ನೋ ಕಲರ್ ಫಿಲ್ಮ್ ಬಂದಿದ್ದೇ 1935ರಲ್ಲಿ, ಅದರಲ್ಲೂ ಸಂಜೆ ಬಿಸಿಲು, ಪ್ರಿಂಟು, ಸ್ಕ್ಯಾನು ಅಂತ ಬಣ್ಣ ಆಚೀಚೆ ಆಗ್ತಾ ಹೋಗತ್ತೆ. ಫೋಟೋ ಬೇಕಾಗೋದು ಅಕ್ಷರ ಎಷ್ಟು ದೊಡ್ಡದು, ಗೆರೆ ಎಲ್ಲಿ ತಿರುಗತ್ತೆ ಅನ್ನೋದಕ್ಕೆ. ಅಮೆರಿಕದ ಪೆನ್ಸಿಲ್ವೇನಿಯಾ ರೈಲ್‌ರೋಡ್‌ ಕಂಪನಿಯ ಜಿಜಿ1 ಎಲೆಕ್ಟ್ರಿಕ್ ಇಂಜಿನ್‌ಗಳ ಹಸಿರಂತೂ ಎಷ್ಟು ಗಾಢ ಅಂದ್ರೆ ಫೋಟೋದಲ್ಲಿ ಬಿಡಿ, ಮೋಡ ಇದ್ರೆ ಕಣ್ಣಿಗೂ ಕಪ್ಪೇ. ಅದರ ಮೇಲಿನ ಐದು ಬಂಗಾರದ ಗೆರೆ ಮಾತ್ರ ಯಾರೂ ಮರೆಯಲ್ಲ, ಅದನ್ನ ಡಿಸೈನರ್ ರೇಮಂಡ್ ಲೋವಿ ಕೊಟ್ಟಿದ್ದು.

ಇಷ್ಟೆಲ್ಲ ಹೇಳಿ ಅಮೆರಿಕದ್ದೇ ಇನ್ನೊಂದು ಉಗಿ ಇಂಜಿನ್, ಸದರ್ನ್ ಪೆಸಿಫಿಕ್ ಕಂಪನಿಯ 4449 ಹತ್ರ ಬಂದ್ರೆ ನನ್ ನಿಯಮ ಸ್ವಲ್ಪ ಸಡ್ಲ ಆಗತ್ತೆ. 1941ರ ಇಂಜಿನ್, ಆ ಕಂಪನಿಯ ಡೇಲೈಟ್ ಅನ್ನೋ ರೈಲುಗಳ ಕೆಂಪು-ಕಿತ್ತಳೆ-ಕಪ್ಪು ಬಣ್ಣಕ್ಕೇ ಫೇಮಸ್ಸು. 1975-76ರಲ್ಲಿ ಅಮೆರಿಕದ ಸ್ವಾತಂತ್ರ್ಯದ ಇನ್ನೂರನೇ ವರ್ಷಕ್ಕೆ ದೇಶ ಸುತ್ತಿದ ಪ್ರದರ್ಶನದ ರೈಲು ಅಮೆರಿಕನ್ ಫ್ರೀಡಂ ಟ್ರೈನ್ ಎಳೆಯೋವಾಗ ಕೆಂಪು-ಬಿಳಿ-ನೀಲಿ ಹೊಡೆದ್ರು. ಅದು ಕಂಪನಿ ಬಣ್ಣ ಅಲ್ಲ, ಇಂಜಿನ್ ರಿಟೈರ್ ಆದ್ಮೇಲಿಂದು, ಆದ್ರೆ ದೇಶ ಸುತ್ತಿದ್ದು ನಿಜ, ದಾರಿ ಉದ್ದಕ್ಕೂ ಜನ ನೋಡಿದ್ದೂ ನಿಜ. ಅದನ್ನ ಸುಳ್ಳು ಅನ್ನೋಕೆ ಹೆಂಗಾಗತ್ತೆ? ಉಳಿಸ್ಕೊಂಡ ಮೇಲಿನ ವರ್ಷಗಳೂ ಇಂಜಿನ್ನಿನ ಆಯಸ್ಸಲ್ಲೇ ಸೇರಿದ್ದಲ್ವಾ, ಪಕ್ಕದಲ್ಲಿ ಒಂದು ಬೋರ್ಡಲ್ಲಿ ಇದು 1976ರ ರೂಪ ಅಂತ ಬರೆದ್ರೆ ನಂದೇನೂ ತಕರಾರಿಲ್ಲ. ಡೇಲೈಟ್ ಬಣ್ಣಾನೇ ಇರಲಿ ಅಂತ ಒಳಗೊಳಗೆ ಆಸೆ ಇದೆ, ಅದು ಬೇರೆ ಮಾತು.