ನಿಮಗೇ ಅಂತ ಬೇರೆ ಬ್ಯಾಂಡ್ ಯಾಕೆ?

"ಬ್ಯಾಂಡ್ ಊದೋದಕ್ಕೂ ಗೇ ಆಗಿರೋದಕ್ಕೂ ಏನು ಸಂಬಂಧ? ನಿಮಗೇ ಅಂತ ಬೇರೆ ಬ್ಯಾಂಡ್ ಯಾಕೆ?" ನಾನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಲ್‌ಜಿಬಿಟಿ ಸಮುದಾಯದ ಬ್ಯಾಂಡೊಂದರಲ್ಲಿ ಕ್ಲಾರಿನೆಟ್ ನುಡಿಸುತ್ತೇನೆ ಅಂತ ಗೊತ್ತಾದರೆ ಸಾಕು, ನಮ್ಮ ಕನ್ನಡದವರು ಕೇಳುವುದು ಇದನ್ನೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರು ಇದನ್ನು ಓದಿಕೊಳ್ಳಿ.

1977ರಲ್ಲಿ ಫ್ಲೋರಿಡಾದ ಡೇಡ್ ಕೌಂಟಿಯಲ್ಲಿ, ಸಲಿಂಗಿಗಳು ಅನ್ನುವ ಕಾರಣಕ್ಕೆ ಯಾರಿಗೂ ಕೆಲಸ ಕೊಡದೆ, ಮನೆ ಕೊಡದೆ ಇರಬಾರದು ಅಂತ ಒಂದು ನಿಯಮ ಬಂತು. ಅನಿತಾ ಬ್ರಯಂಟ್ ಎಂಬ ಹೆಸರಾಂತ ಗಾಯಕಿ ಅದರ ವಿರುದ್ಧ ಪ್ರಚಾರಕ್ಕಿಳಿದರು. ಜನ ವೋಟು ಹಾಕಿ ಆ ನಿಯಮವನ್ನು ಕಿತ್ತುಹಾಕಿದರು. ಮರುವರ್ಷ ಕ್ಯಾಲಿಫೋರ್ನಿಯಾದ ಸರದಿ. ಸಲಿಂಗಿಗಳು ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಲೇಬಾರದು ಅನ್ನುವ ಪ್ರಸ್ತಾವ ಜನರ ಮತಕ್ಕೆ ಬಂತು. ಅದರ ಹೆಸರು ಪ್ರೊಪೊಸಿಷನ್ 6.

ಅದೇ 1978ರಲ್ಲಿ ಜಾನ್ ಸಿಮ್ಸ್ ಒಂದು ಬ್ಯಾಂಡ್ ಕಟ್ಟಿದರು. ಕಾನ್ಸಾಸ್‌ನ ಸ್ಮಿತ್ ಸೆಂಟರ್ ಎಂಬ ಪುಟ್ಟ ಊರಿನವರು, ಶಾಲಾ ಮಕ್ಕಳಿಗೆ ಬ್ಯಾಂಡ್ ಕಲಿಸಿದ್ದ ಮೇಷ್ಟ್ರು. ಇಂಥ ಮೇಷ್ಟ್ರುಗಳನ್ನು ಶಾಲೆಯಿಂದ ಹೊರಗೆ ಹಾಕಬೇಕೋ ಬೇಡವೋ ಅಂತ ಊರೆಲ್ಲ ಮಾತಾಡುತ್ತಿದ್ದ ಹೊತ್ತು ಅದು. ಬ್ಯಾಂಡಿನ ಹೆಸರು ಸ್ಯಾನ್ ಫ್ರಾನ್ಸಿಸ್ಕೋ ಗೇ ಫ್ರೀಡಮ್ ಡೇ ಮಾರ್ಚಿಂಗ್ ಬ್ಯಾಂಡ್ ಅಂಡ್ ಟ್ವರ್ಲಿಂಗ್ ಕೋರ್ (ಕೈಯಲ್ಲಿ ಕೋಲು ತಿರುಗಿಸುತ್ತಾ ನಡೆಯುವವರ ತಂಡ). ಜೂನ್ 25ರ ಗೇ ಫ್ರೀಡಮ್ ಡೇ ಮೆರವಣಿಗೆಯಲ್ಲಿ ಅದು ಬೀದಿಗಿಳಿಯಿತು. ಈಗ ಸಮುದಾಯದ ಗುರುತಾಗಿರುವ ಕಾಮನಬಿಲ್ಲಿನ ಬಾವುಟ ಮೊದಲ ಸಲ ಹಾರಿದ್ದೂ ಅವತ್ತೇ. ತಾನು ಗೇ ಅಂತ ಹೇಳಿಕೊಂಡೇ ಗೆದ್ದಿದ್ದ, ಸ್ಯಾನ್ ಫ್ರಾನ್ಸಿಸ್ಕೋದ ಚುನಾಯಿತ ಪ್ರತಿನಿಧಿ ಹಾರ್ವೆ ಮಿಲ್ಕ್ ಅದೇ ಮೆರವಣಿಗೆಯಲ್ಲಿ ಕಾರಿನ ಮೇಲೆ ಕೂತು ಬಂದಿದ್ದರು. ನವೆಂಬರಿನಲ್ಲಿ ಪ್ರೊಪೊಸಿಷನ್ 6 ಸೋತಿತು. ಅದೇ ತಿಂಗಳ 27ಕ್ಕೆ ಮಿಲ್ಕ್ ಅವರನ್ನು ಗುಂಡಿಟ್ಟು ಕೊಂದರು. ಸಿಮ್ಸ್ ಆಗಷ್ಟೇ ಶುರು ಮಾಡಿದ್ದ ಗೇ ಪುರುಷರ ಕೋರಸ್ ಮೊದಲು ಜನರೆದುರು ಹಾಡಿದ್ದು ಆ ರಾತ್ರಿ, ಸಿಟಿ ಹಾಲ್ ಮೆಟ್ಟಿಲುಗಳ ಮೇಲೆ.

ಈಗ ಹೇಳಿ, ಸಂಬಂಧ ಇಲ್ವಾ?

ಕಳೆದ ವರ್ಷ ಒಬ್ಬರ ಮನೆ ಗೃಹಪ್ರವೇಶದ ಊಟದಲ್ಲಿ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಅಂದರು, "ಅಲ್ಲಮ್ಮಾ, ಊದೋಕೆ ಬಂದರೆ ಸಾಕಲ್ವಾ? ಅದನ್ನೆಲ್ಲ ಬೀದಿಗೆ ತರಬೇಕಾ?" ಪಂಕ್ತಿಯಲ್ಲಿ ಎಲ್ಲರೂ ಎಲೆ ನೋಡಿಕೊಂಡು ಕೂತರು. ನನಗೆ ಹೊಟ್ಟೆ ಉರಿದದ್ದು ಪ್ರಶ್ನೆಗಲ್ಲ, ಆ "ಅದನ್ನೆಲ್ಲ" ಅನ್ನುವ ಮಾತಿಗೆ. ಅಂಕಲ್, ಬ್ಯಾಂಡ್ ಇರೋದೇ ಬೀದಿಗೆ. ಮೈಸೂರಲ್ಲಿ ದಸರಾ ಮೆರವಣಿಗೆ ನೋಡಿ ಬೆಳೆದ ನಿಮಗೆ ಇದನ್ನು ನಾನು ಹೇಳಿಕೊಡಬೇಕಾ?

ಇಲ್ಲಿನ ಹೈಸ್ಕೂಲುಗಳಲ್ಲಿ ಬ್ಯಾಂಡ್ ಅಂದರೆ ಒಂದು ಮನೆಯಿದ್ದ ಹಾಗೆ. ಫುಟ್‌ಬಾಲ್ ಪಂದ್ಯದ ಬಿಡುವಿನಲ್ಲಿ ಮೈದಾನಕ್ಕಿಳಿಯುತ್ತಾರೆ, ಊರ ಪರೇಡಿನಲ್ಲಿ ಮುಂದೆ ನಡೆಯುತ್ತಾರೆ. ಅಲ್ಲಿ ಬೆಳೆದ ಎಷ್ಟೋ ಹುಡುಗ ಹುಡುಗಿಯರು ಬದುಕು ಕಟ್ಟಿಕೊಳ್ಳಲು ದೊಡ್ಡ ಊರಿಗೆ ಓಡಿ ಬಂದರು. ಟ್ರಾಂಬೋನು ಮಂಚದ ಕೆಳಗೆ ಸೇರಿತು. ಸಿಮ್ಸ್ ಅದನ್ನು ಹೊರಗೆ ತೆಗೆಸಿದರು. ಬೇರೆ ಬ್ಯಾಂಡ್ ಬೇಕು ಅಂತ ಯಾರೂ ಹಟ ಹಿಡಿದಿರಲಿಲ್ಲ. ಯಾರು ಅನ್ನುವುದನ್ನು ಮುಚ್ಚಿಡದೆ ನುಡಿಸುವ ಜಾಗ ಬೇಕಿತ್ತು, ಅಷ್ಟೇ. ಅಂದಹಾಗೆ, ನಮ್ಮಲ್ಲಿ ಗೇ ಅಲ್ಲದವರೂ ನುಡಿಸುತ್ತಾರೆ.

ಲಾಸ್ ಏಂಜಲೀಸ್‌ನಲ್ಲಿ, ನ್ಯೂಯಾರ್ಕಿನಲ್ಲಿ ಬೇಗನೇ ಇಂಥ ಬ್ಯಾಂಡುಗಳು ಹುಟ್ಟಿದವು. 1982ರಲ್ಲಿ ಎಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಅಷ್ಟರಲ್ಲಿ ಏಡ್ಸ್ ಬಂತು. 1984ರಲ್ಲಿ ಸಿಮ್ಸ್ ತೀರಿಕೊಂಡಾಗ ಅವರಿಗೆ 37 ವರ್ಷ. ಬ್ಯಾಂಡುಗಳಲ್ಲಿ ಒಂದರ ಹಿಂದೆ ಒಂದು ಕುರ್ಚಿ ಖಾಲಿಯಾದವು, ಆದರೂ ಬ್ಯಾಂಡುಗಳು ನಿಲ್ಲಲಿಲ್ಲ. 1993ರಲ್ಲಿ ಕ್ಲಿಂಟನ್ ಅಧಿಕಾರ ವಹಿಸಿಕೊಂಡಾಗ ಒಕ್ಕೂಟದವರು ಪರೇಡಿನ ದಾರಿ ಪಕ್ಕದಲ್ಲಿ ನಿಂತು ನುಡಿಸಿದರು. 2009ರಲ್ಲಿ, ಒಬಾಮಾ ಅವರ ಪರೇಡಿನಲ್ಲಿ, ದಾರಿಯ ನಡುವೆಯೇ ನಡೆದರು. ದಾರಿಯ ಪಕ್ಕದಿಂದ ನಡುವಿಗೆ ಬರಲು 16 ವರ್ಷ ಬೇಕಾಯಿತು.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ. "ಏನು ನುಡಿಸ್ತೀರಿ? ಹೇಗಿರುತ್ತೆ?" ಅಂತ. ನನಗೆ ಬೇಕಾದ ಪ್ರಶ್ನೆ ಅದು! ಮಾರ್ಚ್‌ಗಳಿಗೇ ಹೆಸರಾದ ಅಮೆರಿಕದ ಸಂಗೀತಗಾರ ಸೂಸಾ ಅವರ ರಚನೆಗಳಿರುತ್ತವೆ, ಸಿನಿಮಾ ಸಂಗೀತ ಇರುತ್ತದೆ, ಕೂತು ನುಡಿಸುವ ಕಛೇರಿಗಳಿಗೆ ಬರೆದ ಕಷ್ಟದ ರಚನೆಗಳೂ ಇರುತ್ತವೆ. ಮೆರವಣಿಗೆ ಸಾಗುವ ಮಾರ್ಕೆಟ್ ಸ್ಟ್ರೀಟಿನಲ್ಲಿ ಟ್ರಾಮ್ ಹಳಿಗಳಿವೆ. ನೋಟ್ಸ್ ಇರುವ ಪುಟ್ಟ ಹಾಳೆ ಕ್ಲಾರಿನೆಟ್ಟಿಗೇ ಸಿಕ್ಕಿಸಿರುತ್ತದೆ, ಗಾಳಿಗೆ ಪಟಪಟ ಅನ್ನುತ್ತದೆ. ಕಣ್ಣು ಹಾಳೆಯ ಮೇಲೆ, ಓರೆನೋಟ ಪಕ್ಕದವರ ಭುಜದ ಮೇಲೆ, ಕಾಲು ಮಾತ್ರ ಹಳಿಯ ಸಂದಿಗೆ ಸಿಗದ ಹಾಗೆ ತಾನಾಗಿ ಜಾಗ ಹುಡುಕಿಕೊಳ್ಳಬೇಕು. ಹಾಡು ಮುಗಿದ ಮೇಲೆ ಡ್ರಮ್ ಒಂದೇ ನಡೆಯುತ್ತದೆ. ಆಗ ಉಸಿರು ತಗೊಂಡು, ಬಾಯಿಗಿಡುವ ತುದಿಯಲ್ಲಿರುವ ತೆಳು ಪಟ್ಟಿ, ಒಣಗಿದ ರೀಡನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಳ್ಳುತ್ತೇವೆ. ಮತ್ತೆ ಸೀಟಿ ಊದಿದರೆ ಎಲ್ಲರ ವಾದ್ಯವೂ ಒಟ್ಟಿಗೆ ಮೇಲೇಳುತ್ತದೆ. ಮೈಸೂರಿನ ಶಾಲೆಯ ಬ್ಯಾಂಡಿನಲ್ಲಿ ನನಗೆ ಇಷ್ಟವಾಗಿದ್ದೂ ಇದೇ ಕ್ಷಣ. ಅಲ್ಲಿ ಮಾತ್ರ ನಾನು ಯಾರು ಅಂತ ಯಾರಿಗೂ ಹೇಳಿರಲಿಲ್ಲ.

ಈಗ ನಮ್ಮ ಬ್ಯಾಂಡಿಗೆ ಬಸೂನ್ ಎಂಬ ಊದುವ ವಾದ್ಯ ನುಡಿಸುವವರು ಬೇಕು. ಗೊತ್ತಿದ್ದವರಿದ್ದರೆ ಹೇಳಿ. ವಾರಕ್ಕೊಂದು ಸಂಜೆ ಬಿಡುವು ಮಾಡಿಕೊಂಡರೆ ಸಾಕು.